ಕಡಲ್ಗಳ್ಳರ ಕಥೆ ಓದಬೇಕು, ಎಲ್ಲಿಂದ ಶುರು ಮಾಡಲಿ?

ಹೋದ ಸಂಚಿಕೆಯಲ್ಲಿ ಸಾಹಸ ಕಾದಂಬರಿಗಳ ಬಗ್ಗೆ ಬರೆಯುವಾಗ ಕಡಲ್ಗಳ್ಳರ ಕಥೆಗಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ಅದಕ್ಕೆ ಬಂದ ಪತ್ರಗಳೇ ಜಾಸ್ತಿ. ಕೆಲವರು ಬೈದಿದ್ದಾರೆ, ಉಳಿದವರು ಪುಸ್ತಕದ ಹೆಸರು ಕೇಳಿದ್ದಾರೆ. ಈ ಸಲದ ಪುಟ ಪೂರ್ತಿ ಅವರಿಗೇ ಮೀಸಲು.

ಪೈರೇಟ್ಸ್ ಆಫ್ ದ ಕೆರಿಬಿಯನ್ ಸಿನಿಮಾಗಳನ್ನೆಲ್ಲ ನೋಡಿದ್ದೇನೆ. ಕಾದಂಬರಿ ಒಂದೂ ಓದಿಲ್ಲ. ಮೊದಲು ಯಾವುದು ಓದಲಿ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಟ್ರೆಷರ್ ಐಲ್ಯಾಂಡ್. ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದದ್ದು, ಪುಸ್ತಕವಾಗಿ ಬಂದದ್ದು 1883ರಲ್ಲಿ. ಬೇರೆ ಹೆಸರು ಏನಾದರೂ ಹೇಳೋಣ ಅಂತ ಎರಡು ದಿನ ಯೋಚಿಸಿದೆ. ಆಗಲಿಲ್ಲ. ನೀವು ಸಿನಿಮಾದಲ್ಲಿ ನೋಡಿದ್ದರಲ್ಲಿ ಎಷ್ಟೋ ಇಲ್ಲಿಂದ ಹೋದದ್ದೇ. ಒಂಟಿ ಕಾಲಿನ ನಾವಿಕ, ಹೆಗಲ ಮೇಲೆ ಗಿಣಿ, ನಿಧಿ ಎಲ್ಲಿದೆ ಅಂತ ಗುರುತು ಹಾಕಿದ ನಕ್ಷೆ, ಕೈಗೆ ಬಂದವನ ಮುಖ ಬಿಳಿಚಿಕೊಳ್ಳುವ ಕಪ್ಪು ಚುಕ್ಕೆಯ ಚೀಟಿ, ಇವೆಲ್ಲದರ ತವರುಮನೆ ಇದು.

ಕಥೆ ಹುಟ್ಟಿದ್ದು ನಕ್ಷೆಯಿಂದ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರು. ಹೊರಗೆ ಮಳೆ. ಹೆಂಡತಿಯ ಮೊದಲ ಮದುವೆಯ ಮಗನ ಜೊತೆ ಕೂತು ಬಣ್ಣ ಹಚ್ಚುತ್ತಾ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬಿಡಿಸಿದರು. ಆ ನಕ್ಷೆಯನ್ನು ನೋಡುತ್ತಾ ನೋಡುತ್ತಾ ಅದರೊಳಗೆ ಜನ ಓಡಾಡತೊಡಗಿದರು. ಮಕ್ಕಳ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಆಮೇಲೆ ಪುಸ್ತಕ ಮಾಡುವಾಗ ಮೂಲ ನಕ್ಷೆಯೇ ಕಳೆದುಹೋಗಿ, ಕಥೆಯನ್ನು ಮತ್ತೆ ಓದಿ ಅದಕ್ಕೆ ಹೊಂದುವ ಹಾಗೆ ಹೊಸದು ಬಿಡಿಸಬೇಕಾಯಿತು. ಕಷ್ಟದ ಕೆಲಸ ಅಲ್ವಾ?

ಆದರೆ ನಾನು ನಿಮಗೆ ಈ ಪುಸ್ತಕ ಹೇಳುತ್ತಿರುವುದು ಒಂದು ಸೇಬಿನ ಪೀಪಾಯಿಗಾಗಿ. ಹಡಗಿನ ಡೆಕ್ ಮೇಲೆ ಪೀಪಾಯಿ ತುಂಬ ಸೇಬು ಇಟ್ಟಿರುತ್ತಾರೆ, ಬೇಕಾದವರು ತಿನ್ನಲಿ ಅಂತ. ದ್ವೀಪ ಹತ್ತಿರವಾಗುತ್ತಿದೆ. ಸಂಜೆ. ಕಥೆ ಹೇಳುವ ಹುಡುಗ ಜಿಮ್‌ಗೆ ಸೇಬು ತಿನ್ನುವ ಆಸೆ. ಸೇಬು ಮುಗಿಯುತ್ತಾ ಬಂದಿದೆ, ಕೈಗೆ ಎಟುಕುವುದಿಲ್ಲ, ಹಾಗಾಗಿ ಒಳಗೇ ಇಳಿಯುತ್ತಾನೆ. ಒಳಗೆ ಕತ್ತಲೆ, ಅಲೆಯ ತೂಗಾಟ, ಇನ್ನೇನು ತೂಕಡಿಕೆ ಬರಬೇಕು. ಅಷ್ಟರಲ್ಲಿ ಯಾರೋ ಭಾರದ ಮನುಷ್ಯ ಪೀಪಾಯಿಗೆ ಒರಗಿ ಕೂರುತ್ತಾನೆ. ಮಾತು ಕೇಳಿಸುತ್ತದೆ. ಅಡುಗೆಯವನು ಲಾಂಗ್ ಜಾನ್ ಸಿಲ್ವರ್. ಜಿಮ್‌ಗೆ ತುಂಬ ಇಷ್ಟವಾದ ಮನುಷ್ಯ, ಗಿಣಿಯ ಕಥೆ ಹೇಳಿದವನು, ನೀನು ಚಿಕ್ಕವನಾದರೂ ಚುರುಕು ಅಂತ ಬೆನ್ನು ತಟ್ಟಿದವನು. ಈಗ ಅವನು ಬೇರೊಬ್ಬ ಎಳೆಯ ನಾವಿಕನನ್ನು ತನ್ನ ಕಡೆ ಸೆಳೆಯುತ್ತಿದ್ದಾನೆ. ಹಡಗು ವಶ ಮಾಡಿಕೊಳ್ಳುವ ಮಾತು, ಕೊಲ್ಲುವ ಮಾತು ಎಲ್ಲ ಹೊರಗೆ ಬರುತ್ತದೆ. ಅದಕ್ಕೂ ಮೊದಲು, ಜಿಮ್‌ಗೆ ಹೇಳಿದ್ದ ಅದೇ ಹೊಗಳಿಕೆಯನ್ನು, ಅದೇ ಪದಗಳಲ್ಲಿ, ಆ ನಾವಿಕನಿಗೂ ಹೇಳುತ್ತಾನೆ. ಜೀವಭಯ ಆಮೇಲೆ. ಮೊದಲು ಆ ಹುಡುಗನಿಗೆ ಚುಚ್ಚುವುದು ಇದು.

ನನ್ನ ಮಟ್ಟಿಗೆ ಕಡಲ್ಗಳ್ಳರ ಒಳ್ಳೆಯ ಕಾದಂಬರಿ ಅಂದರೆ ಇದೇ. ನಂಬಬಾರದವನ ಮೇಲೆ ನಮಗೆ ಪ್ರೀತಿ ಹುಟ್ಟಬೇಕು, ಆ ಪ್ರೀತಿಗೆ ನಾವು ಬೆಲೆ ತೆರಬೇಕು. ನಿಧಿ ಸಿಕ್ಕಿತೋ ಇಲ್ಲವೋ ಆಮೇಲಿನ ಮಾತು. ಈ ಅಂಕಣದಲ್ಲಿ ಮುಂದೆ ಹೇಳುವ ಪುಸ್ತಕಗಳನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಟ್ರೆಷರ್ ಐಲ್ಯಾಂಡ್ ಶಾಲೆಯಲ್ಲೇ ಓದಿದ್ದೆ. ಅಂಥ ವಿಶೇಷ ಅನ್ನಿಸಲಿಲ್ಲ. ಮತ್ತೆ ಓದಬೇಕಾ?
— ಬ್ಯಾಂಕ್ ಉದ್ಯೋಗಿ, ಹಾಸನ

ನೀವು ಓದಿದ್ದು ಸಂಕ್ಷಿಪ್ತ ಆವೃತ್ತಿ ಇರಬೇಕು. ನನಗೂ ಹಾಗೇ ಆಗಿತ್ತು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದು ನೂರು ಪುಟವೂ ಇಲ್ಲದ ತೆಳ್ಳನೆಯ ಪುಸ್ತಕ. ಅದರಲ್ಲಿ ಪೀಪಾಯಿಯ ಪ್ರಸಂಗ ಎರಡೇ ಸಾಲು: ಜಿಮ್ ಪೀಪಾಯಿಯಲ್ಲಿ ಅಡಗಿದ್ದ, ಸಿಲ್ವರ್‌ನ ಸಂಚು ಕೇಳಿಸಿಕೊಂಡ. ಅಷ್ಟೇ. ಅವನು ಅಡಗಿರಲೇ ಇಲ್ಲ, ಸೇಬಿಗೆ ಇಳಿದಿದ್ದ. ಆ ಹೊಗಳಿಕೆಯ ಮಾತಂತೂ ಪೂರ್ತಿ ಮಾಯ. ಘಟನೆಗಳ ಪಟ್ಟಿ ಉಳಿದಿತ್ತು, ಸಿಲ್ವರ್ ಉಳಿದಿರಲಿಲ್ಲ. ಪೂರ್ತಿ ಪುಸ್ತಕ ಓದಿದ್ದು ಕೆಲಸಕ್ಕೆ ಸೇರಿದ ಮೇಲೆ, ಎರಡು ರಾತ್ರಿಯಲ್ಲಿ. ಇಷ್ಟು ವರ್ಷ ಇದನ್ನು ನನ್ನಿಂದ ಮುಚ್ಚಿಟ್ಟಿದ್ದರಲ್ಲ ಅಂತ ಸಿಟ್ಟೇ ಬಂತು.

ಹಾಗಾಗಿ ಮತ್ತೆ ಓದಿ, ಪೂರ್ತಿಯಾಗಿ ಓದಿ. 34 ಅಧ್ಯಾಯ, ಎಲ್ಲ ಚಿಕ್ಕ ಚಿಕ್ಕವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 16ನೇ ಅಧ್ಯಾಯಕ್ಕೆ ಬಂದಾಗ ಕಥೆ ಹೇಳುವವರು ಬದಲಾಗುತ್ತಾರೆ. ಜಿಮ್ ಬದಲು ಡಾಕ್ಟರ್ ಲಿವ್ಸಿ ಶುರು ಮಾಡುತ್ತಾರೆ, ಮೂರು ಅಧ್ಯಾಯ ಅವರದ್ದೇ. ತುಂಬ ಜನ ಅಲ್ಲಿ ಗೊಂದಲಪಟ್ಟು ಬಿಡುತ್ತಾರೆ. ಬಿಡಬೇಡಿ, ಜಿಮ್ ವಾಪಸ್ ಬರುತ್ತಾನೆ.

ನನಗೆ ಕತ್ತಿವರಸೆ ಬೇಕು, ಹಡಗಿಗೆ ಹಡಗು ಡಿಕ್ಕಿ ಹೊಡೆಯಬೇಕು, ಒಬ್ಬ ಧೀರ ನಾಯಕ ಬೇಕು. ಅಂಥದ್ದು ಹೇಳಿ.
— ಆಟೋ ಬಿಡಿಭಾಗದ ಅಂಗಡಿ ಮಾಲೀಕ, ಹುಬ್ಬಳ್ಳಿ

ರಫೇಲ್ ಸಬಾಟಿನಿ ಬರೆದ ಕ್ಯಾಪ್ಟನ್ ಬ್ಲಡ್, 1922. ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಹೆಸರು ಕೇಳಿದರೆ ರಕ್ತಪಿಪಾಸು ಅನ್ನಿಸುತ್ತದೆ. ಆದರೆ ಕಥೆ ಶುರುವಾಗುವಾಗ ಪೀಟರ್ ಬ್ಲಡ್ ಒಬ್ಬ ಐರಿಷ್ ವೈದ್ಯ. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ಬಾಯಲ್ಲಿ ಪೈಪು ಇಟ್ಟುಕೊಂಡು ಕಿಟಕಿಯ ಹೂಗಿಡಗಳಿಗೆ ಆರೈಕೆ ಮಾಡುತ್ತಿದ್ದಾನೆ. ಕೆಳಗೆ ಬೀದಿಯಲ್ಲಿ ಜನ ರಾಜನ ವಿರುದ್ಧ ಯುದ್ಧಕ್ಕೆ ಓಡುತ್ತಿದ್ದಾರೆ. 1685ರ ಮನ್‌ಮತ್ ದಂಗೆ ಅದು. ಅವನಿಗೆ ಅದರಲ್ಲಿ ಆಸಕ್ತಿಯೇ ಇಲ್ಲ. ಗಾಯಗೊಂಡ ಒಬ್ಬ ದಂಗೆಕೋರನಿಗೆ ಮದ್ದು ಹಾಕಲು ಹೋಗುತ್ತಾನೆ, ವೈದ್ಯನಾದ್ದರಿಂದ. ಅಲ್ಲೇ ಸಿಕ್ಕಿಬೀಳುತ್ತಾನೆ. ರಾಜದ್ರೋಹದ ವಿಚಾರಣೆ, ಶಿಕ್ಷೆ, ಕೊನೆಗೆ ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟಕ್ಕೆ ಗುಲಾಮನಾಗಿ ಮಾರಾಟ. ಇದರ ಹಿಂದೆ ನಿಜವಾದ ಮನುಷ್ಯ ಇದ್ದಾನೆ. ಹೆನ್ರಿ ಪಿಟ್‌ಮನ್ ಎಂಬ ವೈದ್ಯನಿಗೆ ಅದೇ ದಂಗೆಯ ಹೊತ್ತಿನಲ್ಲಿ ಇದೇ ಗತಿ ಬಂದಿತ್ತು, ಅವನೂ ಬಾರ್ಬಡೋಸ್‌ನಿಂದ ತಪ್ಪಿಸಿಕೊಂಡಿದ್ದ.

ಬ್ಲಡ್ ತಪ್ಪಿಸಿಕೊಳ್ಳುವ ರಾತ್ರಿಯ ಅಧ್ಯಾಯ ಓದುವಾಗ ಊಟಕ್ಕೆ ಕರೆದರೂ ಏಳಬೇಡಿ. ಸ್ಪೇನಿನ ಹಡಗೊಂದು ಬಂದು ಊರನ್ನು ದೋಚುತ್ತದೆ. ದೋಚಲು ಇಳಿದವರು ಕುಡಿದು ಮತ್ತರಾಗಿದ್ದಾಗ ಈ ಗುಲಾಮರು ಹೋಗಿ ಅವರ ಹಡಗನ್ನೇ ಹಿಡಿದುಬಿಡುತ್ತಾರೆ. ಬೆಳಗಾಗುವ ಹೊತ್ತಿಗೆ ಎಲ್ಲ ಉಲ್ಟಾ.

ಅದು ಮುಗಿದ ಮೇಲೆ ಇದೇ ಲೇಖಕರ ದ ಸೀ ಹಾಕ್, 1915. ನನಗೆ ಕೇಳಿದರೆ ಇದು ಬ್ಲಡ್‌ಗಿಂತ ಒಂದು ಕೈ ಮೇಲು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಶ್ರೀಮಂತನೊಬ್ಬ ತಮ್ಮ ಮಾಡಿದ ಕೊಲೆಯ ಅಪವಾದ ತಾನು ಹೊತ್ತುಕೊಳ್ಳುತ್ತಾನೆ, ಆ ತಮ್ಮನೇ ಅವನನ್ನು ಅಪಹರಣ ಮಾಡಿಸುತ್ತಾನೆ. ಸ್ಪೇನಿನ ಹಡಗಿನಲ್ಲಿ ಸರಪಳಿಗೆ ಬಿದ್ದು ಹುಟ್ಟು ಹಾಕುತ್ತಾನೆ. ಆಮೇಲೆ ಉತ್ತರ ಆಫ್ರಿಕಾದ ಆಲ್ಜೀರ್ಸ್‌ನ ಕಡಲ್ಗಳ್ಳರ ಜೊತೆ ಸೇರಿ, ಧರ್ಮವನ್ನೂ ಬದಲಿಸಿ, ಅವರ ನಾಯಕನೇ ಆಗುತ್ತಾನೆ. 1940ರಲ್ಲಿ ಎರೋಲ್ ಫ್ಲಿನ್ ನಟಿಸಿದ ಇದೇ ಹೆಸರಿನ ಸಿನಿಮಾ ನೋಡಿ ಕಥೆ ಗೊತ್ತು ಅಂದುಕೊಳ್ಳಬೇಡಿ. ಅದಕ್ಕೂ ಇದಕ್ಕೂ ಹೆಸರು ಮಾತ್ರ ಒಂದು.

ಮಗ ಎಂಟನೇ ಕ್ಲಾಸು. ಒನ್ ಪೀಸ್ ಅಂತ ಜಪಾನಿ ಕಾಮಿಕ್ಸ್ ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಏನು ಕೊಡಲಿ? ಅಂಗಡಿಯವರು ಎ ಹೈ ವಿಂಡ್ ಇನ್ ಜಮೈಕ ತೋರಿಸಿದರು, ಮಕ್ಕಳ ಕಥೆ ಅಂದರು.
— ಗೃಹಿಣಿ, ದಾವಣಗೆರೆ

ಅದನ್ನು ಈಗ ಕೊಡಬೇಡಿ. ದಯವಿಟ್ಟು. ರಿಚರ್ಡ್ ಹ್ಯೂಸ್ 1929ರಲ್ಲಿ ಬರೆದ ಆ ಕಾದಂಬರಿಯಲ್ಲಿ ಮಕ್ಕಳಿದ್ದಾರೆ ನಿಜ. ಜಮೈಕದಿಂದ ಇಂಗ್ಲೆಂಡಿಗೆ ಹೊರಟ ಮಕ್ಕಳು ಆಕಸ್ಮಿಕವಾಗಿ ಕಡಲ್ಗಳ್ಳರ ಹಡಗಿಗೆ ಬಂದು ಸೇರುತ್ತಾರೆ. ಆದರೆ ಅದು ದೊಡ್ಡವರು ಓದಬೇಕಾದ ಪುಸ್ತಕ. ಮೊದಲು ನಗು ಬರುತ್ತದೆ, ಆಮೇಲೆ ನಿಧಾನವಾಗಿ ಗಂಟಲು ಕಟ್ಟುತ್ತದೆ. ಅಲ್ಲಿ ಕಡಲ್ಗಳ್ಳರು ಪಾಪದವರು, ಭಯ ಹುಟ್ಟಿಸುವುದು ಮಕ್ಕಳು. ನೀವು ಓದಿ. ಓದಲೇಬೇಕಾದ್ದು. ನಂಬಿಕೆ, ದ್ರೋಹ ಅಂತ ನಾನು ಮೇಲೆ ಹೇಳಿದೆನಲ್ಲ, ಅದನ್ನು ತಲೆಕೆಳಗು ಮಾಡಿ ತೋರಿಸುವ ಪುಸ್ತಕ. ಕೊನೆಯ ಪುಟ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರ ಜೊತೆಗೂ ಮಾತಾಡಬೇಕು ಅನ್ನಿಸುವುದಿಲ್ಲ.

ಒನ್ ಪೀಸ್ ಓದುವ ಹುಡುಗನ ಬಗ್ಗೆ ಚಿಂತೆ ಬೇಡ. ಐಚಿರೊ ಓಡ 1997ರಲ್ಲಿ ಶುರು ಮಾಡಿದ ಕಥೆ ಅದು. ಅದರಲ್ಲಿ ಬರುವ ಹೆಸರುಗಳನ್ನೇ ಎಳೆಯಾಗಿ ಹಿಡಿಯಿರಿ. ರೊರೊನೋವ ಜೋರೊ ಅಂತ ಒಬ್ಬ ಬರುತ್ತಾನೆ, ಆ ಹೆಸರು ಫ್ರಾಂಸ್ವಾ ಲೊಲೊನೇ ಎಂಬ ನಿಜವಾದ ಕಡಲ್ಗಳ್ಳನ ಹೆಸರಿನಿಂದ ಬಂದದ್ದು. ಮಾರ್ಷಲ್ ಡಿ. ಟೀಚ್ ಅಂತ ಇನ್ನೊಬ್ಬ, ಅದು ಬ್ಲ್ಯಾಕ್‌ಬಿಯರ್ಡ್ ಅಂತ ಹೆಸರಾದ ಎಡ್ವರ್ಡ್ ಟೀಚ್‌ನ ಹೆಸರು. ಇವರೆಲ್ಲ ನಿಜವಾಗಿ ಇದ್ದವರು ಅಂತ ಮಗನಿಗೆ ಹೇಳಿ ನೋಡಿ. ಆಮೇಲೆ ಎಡ್ಗರ್ ಆಲನ್ ಪೋ 1843ರಲ್ಲಿ ಬರೆದ ದ ಗೋಲ್ಡ್ ಬಗ್ ಕಥೆ ಕೊಡಿ. ಒಂದೇ ಕೂರಿಕೆಗೆ ಮುಗಿಯುತ್ತದೆ. ಕ್ಯಾಪ್ಟನ್ ಕಿಡ್ ಹೂತಿಟ್ಟ ನಿಧಿಗೆ ದಾರಿ ತೋರುವ ಗುಪ್ತ ಲಿಪಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಕಥೆ. ಪೆನ್ಸಿಲ್ ಪೇಪರ್ ಹಿಡಿದು ಕೂರುವ ಹುಡುಗನಾದರೆ ಹಬ್ಬ. ಒಂದು ಎಚ್ಚರಿಕೆ ಮಾತ್ರ: ಅದರಲ್ಲಿ ಕಪ್ಪು ಸೇವಕನನ್ನು ಚಿತ್ರಿಸಿದ ರೀತಿ ಆ ಕಾಲದ್ದು, ನೋವಾಗುವಂಥದ್ದು. ಜೊತೆಗೆ ಕೂತು ಓದಿ, ಆ ಬಗ್ಗೆ ಮಾತಾಡಿ. ಟ್ರೆಷರ್ ಐಲ್ಯಾಂಡ್‌ನಲ್ಲಿ ನಿಧಿಯ ದಾರಿಗೆ ಕೈ ತೋರುತ್ತಾ ಮಲಗಿರುವ ಅಸ್ಥಿಪಂಜರ ಪೋ ಅವರಿಂದ ಬಂದದ್ದು ಅಂತ ಸ್ಟೀವನ್‌ಸನ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾಗಿ ಇದರಿಂದ ಅದಕ್ಕೆ ದಾಟುವುದು ಸುಲಭ.

ಎಲ್ಲದರಲ್ಲೂ ಗಂಡಸರೇ. ಹೆಂಗಸರ ಕಥೆ ಇಲ್ವಾ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಇದೆ. ಆದರೆ ಇರಬೇಕಾದಷ್ಟು ಇಲ್ಲ. ನಿಜ ಜೀವನದಲ್ಲೇ ಆನ್ ಬಾನಿ, ಮೇರಿ ರೀಡ್ ಇದ್ದರು. 1720ರಲ್ಲಿ ಜಮೈಕದ ಹತ್ತಿರ ಕಡಲ್ಗಳ್ಳ ಜಾಕ್ ರ‍್ಯಾಕಮ್ ಜೊತೆ ಸಿಕ್ಕಿಬಿದ್ದರು. ಅವನನ್ನು ಗಲ್ಲಿಗೇರಿಸಿದರು. ಇವರಿಬ್ಬರೂ ಬಸುರಿ ಎಂದು ಹೇಳಿದ್ದರಿಂದ ಗಲ್ಲು ತಪ್ಪಿತು. ಮೇರಿ ಮುಂದಿನ ವರ್ಷ ಜೈಲಿನಲ್ಲೇ ಸತ್ತಳು. ಚೀನಾದಲ್ಲಿ ಜೆಂಗ್ ಯಿ ಸಾವ್ ಎಂಬಾಕೆ ಗಂಡ ಸತ್ತ ಮೇಲೆ ದೊಡ್ಡ ಕಳ್ಳ ನೌಕಾಪಡೆಯನ್ನೇ ಆಳಿದಳು. 1810ರಲ್ಲಿ ಸರ್ಕಾರದ ಜೊತೆ ಮಾತುಕತೆ ಮಾಡಿ ಶರಣಾಗಿ, ನೆಮ್ಮದಿಯಾಗಿ ಬದುಕಿ, 1844ರಲ್ಲಿ ಸತ್ತಳು.

ಕಾದಂಬರಿ ಅಂದರೆ ಸೀಲಿಯ ರೀಸ್ ಬರೆದ ಪೈರೇಟ್ಸ್, 2003. ಬ್ರಿಸ್ಟಲ್‌ನ ವ್ಯಾಪಾರಿಯ ಮಗಳು ನ್ಯಾನ್ಸಿ ಮತ್ತು ಜಮೈಕದ ತೋಟದಲ್ಲಿ ಗುಲಾಮಳಾಗಿರುವ ಮಿನರ್ವ, ಇಬ್ಬರೂ ಓಡಿಹೋಗಿ ಕಡಲ್ಗಳ್ಳರಾಗುತ್ತಾರೆ. ಹರೆಯದವರಿಗೆ ಬರೆದದ್ದು, ಆದರೆ ಸಕ್ಕರೆಯ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ನನಗೆ ಇಷ್ಟ. ಇನ್ನೊಂದು, ಡಾಫ್ನೆ ಡು ಮಾರಿಯರ್ 1941ರಲ್ಲಿ ಬರೆದ ಫ್ರೆಂಚ್‌ಮ್ಯಾನ್ಸ್ ಕ್ರೀಕ್. ಲಂಡನ್ ಬದುಕು ಸಾಕಾಗಿ ಮಕ್ಕಳನ್ನು ಕಟ್ಟಿಕೊಂಡು ಕಾರ್ನ್‌ವಾಲ್‌ನ ಹಳ್ಳಿಮನೆಗೆ ಬರುವ ಡೋನಾ, ಅಲ್ಲಿನ ಹಿನ್ನೀರಿನಲ್ಲಿ ಅಡಗಿದ ಫ್ರೆಂಚ್ ಕಡಲ್ಗಳ್ಳನನ್ನು ಕಾಣುತ್ತಾಳೆ. ಪ್ರೇಮಕಥೆ ಹೌದು. ಆದರೆ ಅವಳಿಗೆ ನಿಜವಾಗಿ ಬೇಕಾಗಿರುವುದು ಬಿಡುಗಡೆ. ಒಂದು ರಾತ್ರಿಗಾದರೂ ತಾನು ತಾನಾಗಿರುವುದು. ಆ ಹಿನ್ನೀರಿನ ವರ್ಣನೆ, ಮರಗಳ ನೆರಳು, ಇಳಿತದ ಹೊತ್ತಿನ ಕೆಸರು, ನಮ್ಮ ಶರಾವತಿ ಅಳಿವೆಯ ಕಡೆ ಓಡಾಡಿದವರಿಗೆ ಮೂಗಿಗೇ ಬಡಿಯುತ್ತದೆ.

ನಮ್ಮ ಕರಾವಳಿಗೆ ಈ ಕಡಲ್ಗಳ್ಳರು ಬಂದಿದ್ದರಾ? ಅಥವಾ ಇದೆಲ್ಲ ಕೆರಿಬಿಯನ್ ಕಡೆಯದ್ದು ಮಾತ್ರವಾ?
— ಮೀನುಗಾರಿಕೆ ಬೋಟಿನ ತಾಂಡೇಲ, ಕಾರವಾರ

ತಾಂಡೇಲರೇ, ನಿಮ್ಮ ಊರಿಗೇ ಬಂದಿದ್ದರು. ಇದನ್ನು ಬರೆಯಲು ನನಗೆ ಎಷ್ಟು ಖುಷಿ ಗೊತ್ತಾ!

ಮೇಲೆ ಹೇಳಿದ ಕ್ಯಾಪ್ಟನ್ ವಿಲಿಯಂ ಕಿಡ್, ಪ್ರಪಂಚದಲ್ಲೇ ಹೆಸರಾದ ಕಡಲ್ಗಳ್ಳ, 1697ರ ಸೆಪ್ಟೆಂಬರಿನಲ್ಲಿ ಕಾರವಾರದಲ್ಲಿ ಲಂಗರು ಹಾಕಿದ್ದ. ಹಡಗಿನ ಹೆಸರು ಅಡ್ವೆಂಚರ್ ಗ್ಯಾಲಿ. ಹಾಯಿಯೂ ಇತ್ತು, ಹುಟ್ಟು ಹಾಕಿಯೂ ನಡೆಸಬಹುದಿತ್ತು, 34 ಫಿರಂಗಿ. ಅವನು ಹೊರಟದ್ದು ಕಡಲ್ಗಳ್ಳರನ್ನು ಹಿಡಿಯಲು, ಇಂಗ್ಲೆಂಡಿನ ರಾಜನ ಅಪ್ಪಣೆ ಪತ್ರ ಇಟ್ಟುಕೊಂಡು. ಕೈಗೆ ಏನೂ ಹತ್ತಲಿಲ್ಲ. ಹಡಗಿನ ಜನರಿಗೆ ಸಂಬಳ ಇಲ್ಲ, ದೋಚಿದ್ದರಲ್ಲಿ ಪಾಲು ಮಾತ್ರ. ದೋಚದಿದ್ದರೆ ಹೊಟ್ಟೆಗಿಲ್ಲ. ಕೆಂಪು ಸಮುದ್ರದ ಬಾಯಲ್ಲಿ ಮೊಗಲರ ಯಾತ್ರಿಕ ಹಡಗುಗಳ ಮೇಲೆ ಬೀಳಲು ಹೋಗಿ ಸೋತು, ನಮ್ಮ ಕಡೆ ಬಂದ. ಕಾರವಾರದಲ್ಲಿ ಆಗ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಅವನು ಮಾತುಮಾತಿಗೆ ಪಿಸ್ತೂಲು ತರಿಸಿ ತನ್ನ ಜನರನ್ನೇ ಹೆದರಿಸುತ್ತಾನೆ ಅಂತ ಅಲ್ಲಿಂದ ವರದಿ ಹೋಯಿತು. ಅವನ ಸಹವಾಸ ಸಾಕಾಗಿ ಕೆಲವರು ಕಾರವಾರದಲ್ಲೇ ಹಡಗು ಬಿಟ್ಟು ಓಡಿದರು. ಅವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಎಂಬ ಒಡವೆ ವ್ಯಾಪಾರಿ ಮುಂಬೈಗೆ ಹೋಗಿ ಕೊಟ್ಟ ಹೇಳಿಕೆ ಇವತ್ತಿಗೂ ಓದಲು ಸಿಗುತ್ತದೆ.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಕ್ಟೋಬರ್ 30ರಂದು, ಇದೇ ಪಶ್ಚಿಮ ಕರಾವಳಿಯ ಆಚೆ, ಫಿರಂಗಿಯವನು ವಿಲಿಯಂ ಮೂರ್ ಜೊತೆ ಡೆಕ್ ಮೇಲೆ ಜಗಳವಾಯಿತು. ಕಿಡ್ ಕಬ್ಬಿಣದ ಪಟ್ಟಿ ಹಾಕಿದ ಬಕೆಟ್ ಎತ್ತಿ ಅವನ ತಲೆಗೆ ಬೀಸಿದ. ಮಾರನೆ ದಿನ ಮೂರ್ ಸತ್ತ. ಮುಂದೆ ಕಿಡ್‌ನನ್ನು ಗಲ್ಲಿಗೇರಿಸಿದ್ದು ಕಡಲ್ಗಳ್ಳತನಕ್ಕೆ ಮಾತ್ರವಲ್ಲ, ಈ ಕೊಲೆಗೂ. 1701ರ ಮೇ 23, ಲಂಡನ್ ನದಿದಂಡೆ. ಮೊದಲ ಸಲ ಹಗ್ಗವೇ ಕಿತ್ತುಹೋಯಿತು, ಎರಡನೇ ಸಲ ಏರಿಸಿದರು. ಆ ಬಕೆಟ್ಟಿನ ಪ್ರಸಂಗದಲ್ಲಿ ಒಂದು ಪೂರ್ತಿ ಕಾದಂಬರಿ ಇದೆ. ಕಾರವಾರ ಗೊತ್ತಿರುವವರು ಯಾರಾದರೂ ಕನ್ನಡದಲ್ಲಿ ಬರೆಯಬೇಕು. ತಾಂಡೇಲರ ಮಾತು, ಸಂಜೆ ಗಾಳಿ ತಿರುಗುವ ಹೊತ್ತು, ದೇವಗಡ ಗುಡ್ಡದ ಮರೆಯಲ್ಲಿ ನಿಂತ ಹಡಗು, ಇದನ್ನೆಲ್ಲ ಲಂಡನ್ನಿನಲ್ಲಿ ಕೂತವರು ಬರೆಯಲು ಆಗುವುದಿಲ್ಲ.

ಇನ್ನೂ ಇದೆ. ಕಿಡ್‌ಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಹೊನ್ನಾವರದಲ್ಲಿ ತಿಮ್ಮೋಜ ಇದ್ದ. ಪೋರ್ಚುಗೀಸರ ಬರಹದಲ್ಲಿ ಅವನು ಕಡಲ್ಗಳ್ಳ. 1510ರಲ್ಲಿ ಪೋರ್ಚುಗೀಸರ ನಾಯಕ ಆಲ್ಬುಕರ್ಕ್ ಬೇರೆ ಕಡೆ ಹೊರಟಿದ್ದಾಗ, ಈಗ ಗೋವಾ ಹಿಡಿಯಿರಿ ಅಂತ ತಿರುಗಿಸಿದವನು ಇವನೇ. ಕಳ್ಳನಾ, ನೌಕಾಧಿಕಾರಿಯಾ, ಸ್ವಂತ ಲೆಕ್ಕ ಇಟ್ಟುಕೊಂಡ ರಾಜಕಾರಣಿಯಾ? ಯಾರ ಹಡಗಿನಿಂದ ನೋಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಮರಾಠರ ಸರಖೇಲ, ಅಂದರೆ ನೌಕಾಪಡೆಯ ಮುಖ್ಯಸ್ಥ, ಕಾನ್ಹೋಜಿ ಆಂಗ್ರೆಯನ್ನೂ ಇಂಗ್ಲಿಷರು ಕಡಲ್ಗಳ್ಳ ಅಂತಲೇ ಬರೆದರು.

ಹಾಂ, ಟ್ರೆಷರ್ ಐಲ್ಯಾಂಡ್‌ನ ಗಿಣಿಯೂ ನಮ್ಮ ಕಡೆಗೆ ಬಂದಿತ್ತು. ಅದು ಎಲ್ಲೆಲ್ಲಿ ತಿರುಗಿದೆ ಅಂತ ಸಿಲ್ವರ್ ಜಿಮ್‌ಗೆ ಹೇಳುವಾಗ ಮಲಬಾರಿನ ಹೆಸರು ಬರುತ್ತದೆ. ಗೋವಾದಿಂದ ಹೊರಟ ವೈಸರಾಯ್ ಹಡಗನ್ನು ಹತ್ತಿದಾಗಲೂ ಗಿಣಿ ಅಲ್ಲಿತ್ತು ಅನ್ನುತ್ತಾನೆ. ಅಂಥ ಘಟನೆ ನಿಜವಾಗಿ ನಡೆದಿದೆ. 1721ರಲ್ಲಿ ಗೋವಾದ ಪೋರ್ಚುಗೀಸ್ ವೈಸರಾಯ್ ಊರಿಗೆ ಮರಳುತ್ತಿದ್ದ ಹಡಗನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಜಾನ್ ಟೇಲರ್, ಲ ಬ್ಯೂಸ್ ಎಂಬ ಇಬ್ಬರು ಹಿಡಿದರು. ಸ್ಟೀವನ್‌ಸನ್ ಇದನ್ನು ಗಿಣಿಯ ಬಾಯಿಗೆ ಹೇಗೆ ಕಟ್ಟಿದರು ನೋಡಿ!

ಮಸ್ಕತ್‌ನಲ್ಲಿದ್ದೇನೆ. ಚಿಕ್ಕಂದಿನಲ್ಲಿ ಕಬೀರ್ ಬೇಡಿ ಕಡಲ್ಗಳ್ಳನ ವೇಷದಲ್ಲಿದ್ದ ಫೋಟೋ ನೋಡಿದ ನೆನಪು. ಅದು ಯಾವ ಕಥೆ?
— ಹೋಟೆಲ್ ನೌಕರ, ಮೂಲ ಉಡುಪಿ

ಸಾಂಡೊಕಾನ್. 1976ರಲ್ಲಿ ಇಟಲಿಯ ಟಿ.ವಿ.ಯಲ್ಲಿ ಬಂದ ಧಾರಾವಾಹಿ. ಮೂಲ ಕಥೆ ಬರೆದವರು ಎಮಿಲಿಯೊ ಸಲ್ಗಾರಿ, 1883ರಲ್ಲಿ ಪತ್ರಿಕೆಯಲ್ಲಿ ಶುರುವಾಗಿದ್ದು. ಬೋರ್ನಿಯೊದ ರಾಜಕುಮಾರ, ಇಂಗ್ಲಿಷರಿಂದ ರಾಜ್ಯ ಕಳೆದುಕೊಂಡು ಸೇಡಿಗಾಗಿ ಕಡಲಿಗಿಳಿದವನು. ಇಲ್ಲಿ ಕಡಲ್ಗಳ್ಳರು ನಮ್ಮ ಏಷ್ಯಾದವರು, ಖಳರು ಬಿಳಿಯರು. ಆ ಕಾಲದ ಯುರೋಪಿನ ಪುಸ್ತಕದಲ್ಲಿ ಇದು ದೊಡ್ಡ ಮಾತು. ಸಲ್ಗಾರಿ ಪೂರ್ವ ದೇಶಗಳನ್ನು ಕಣ್ಣಾರೆ ಕಂಡವರೇ ಅಲ್ಲ, ಪುಸ್ತಕ ಓದಿ ಓದಿಯೇ ಬರೆದರು. ಹಾಗಾಗಿ ಕಾಡು, ಪ್ರಾಣಿ, ಮರಗಳೆಲ್ಲ ಸ್ವಲ್ಪ ಜಾಸ್ತಿಯೇ. ವೇಗ ಮಾತ್ರ ಭಾರಿ. ಇಂಗ್ಲಿಷ್ ಅನುವಾದ ಸಿಗುತ್ತದೆ, ದ ಟೈಗರ್ಸ್ ಆಫ್ ಮೊಂಪ್ರಾಚೆಮ್ ಅಂತ ಹುಡುಕಿ.

ಕನ್ನಡ ಮಾಧ್ಯಮದಲ್ಲಿ ಓದಿದವಳು. ಹಳೆಯ ಇಂಗ್ಲಿಷ್, ಮೇಲಿಂದ ಹಡಗಿನ ಪದಗಳು. ಮೂರು ಪುಟಕ್ಕೆ ಸುಸ್ತು. ದುಡ್ಡು ಕೊಟ್ಟು ಕೊಳ್ಳಲೂ ಧೈರ್ಯ ಬರುತ್ತಿಲ್ಲ.
— ನರ್ಸ್, ಮಂಡ್ಯ

ಕೊಳ್ಳಬೇಡಿ. ಸ್ಟೀವನ್‌ಸನ್, ಪೋ, ಸಬಾಟಿನಿ ಮೂವರದ್ದೂ ಪುಕ್ಕಟೆ ಸಿಗುತ್ತದೆ, ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ. ಕದ್ದ ಪ್ರತಿ ಅಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಎಲ್ಲರದ್ದೂ. ಸಬಾಟಿನಿ ತೀರಿದ್ದು 1950ರಲ್ಲಿ. ಲಿಬ್ರಿವಾಕ್ಸ್‌ನಲ್ಲಿ ಇವುಗಳನ್ನು ಓದಿ ಧ್ವನಿಮುದ್ರಣ ಮಾಡಿ ಇಟ್ಟಿದ್ದಾರೆ, ಅದೂ ಪುಕ್ಕಟೆ. ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ಸಾಲು ಹಿಡಿಯಿರಿ. ಸಿಲ್ವರ್‌ನ ಮಾತು ಕಾಗದದ ಮೇಲೆ ಕಷ್ಟ, ಕಿವಿಗೆ ಸುಲಭ. ಅವನದ್ದು ಆಡುಮಾತು, ವ್ಯಾಕರಣ ಸರಿ ಇರುವುದಿಲ್ಲ, ತಪ್ಪು ನಿಮ್ಮದಲ್ಲ.

ಹಡಗಿನ ಪದಗಳನ್ನು ಡಿಕ್ಷನರಿಯಲ್ಲಿ ಹುಡುಕುತ್ತಾ ಕೂರಬೇಡಿ. ಹಾಯಿ, ಲಂಗರು, ಚುಕ್ಕಾಣಿ, ಹುಟ್ಟು, ಕೂವೆಮರ, ಈ ಐದು ಚಿತ್ರ ತಲೆಯಲ್ಲಿದ್ದರೆ ಸಾಕು. ಉಳಿದದ್ದನ್ನು ಯಾವುದೋ ಹಗ್ಗ ಅಂದುಕೊಂಡು ಮುಂದೆ ಹೋಗಿ. ನಾನು ಈಗಲೂ ಹಾಗೇ ಓದುವುದು. ಮೊದಲು ಕ್ಯಾಪ್ಟನ್ ಬ್ಲಡ್ ತೆಗೆದುಕೊಳ್ಳಿ, ಅದರ ಭಾಷೆ ಹೊಸದು. ನೀವು ನರ್ಸ್ ಬೇರೆ. ಗಾಯಾಳುವಿಗೆ ಮದ್ದು ಹಾಕಿದ್ದಕ್ಕೆ ಶಿಕ್ಷೆಯಾಗುವ ಮೊದಲ ಅಧ್ಯಾಯಗಳು ನಿಮ್ಮನ್ನು ಬಿಡುವುದಿಲ್ಲ.

ಈ ಕಥೆಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?
— ಪಿಯು ವಿದ್ಯಾರ್ಥಿನಿ, ಧಾರವಾಡ

ಚುಟುಕಾಗಿ ಹೇಳುತ್ತೇನೆ. ನಿಧಿಯ ನಕ್ಷೆ, ಕಪ್ಪು ಚುಕ್ಕೆ, ಸ್ಟೀವನ್‌ಸನ್ ಕಲ್ಪನೆ. ತಲೆಗೆ ಕಟ್ಟಿದ ಬಟ್ಟೆ, ಸೊಂಟಕ್ಕೆ ಸುತ್ತಿದ ಪಟ್ಟಿ ಹೆಚ್ಚಾಗಿ ಅಮೆರಿಕದ ಚಿತ್ರಕಾರ ಹೋವರ್ಡ್ ಪೈಲ್ ಕೊಟ್ಟದ್ದು. ವೋಟು ಹಾಕಿ ನಾಯಕನನ್ನು ಆರಿಸುವುದು, ಇಳಿಸುವುದು ಮಾತ್ರ ನಿಜ. ಕಡಲ್ಗಳ್ಳ ಬಾರ್ಥಲೊಮ್ಯು ರಾಬರ್ಟ್ಸ್‌ನ ಹಡಗಿನ ನಿಯಮ ಓದಿ: ಪ್ರತಿಯೊಬ್ಬನಿಗೂ ಒಂದು ವೋಟು, ರಾತ್ರಿ ಎಂಟಕ್ಕೆ ದೀಪ ಆರಬೇಕು, ವಾದ್ಯದವರಿಗೆ ಭಾನುವಾರ ರಜೆ.

ಕಾದಂಬರಿಗಿಂತ ರುಚಿಯಾದದ್ದು ಬೇಕಾದರೆ ಎಕ್ಸ್‌ಕ್ವಿಮೆಲಿನ್ ಬರೆದ ಪುಸ್ತಕ ಇದೆ, 1678ರಲ್ಲಿ ಡಚ್ ಭಾಷೆಯಲ್ಲಿ ಬಂದದ್ದು. ಈ ಕಳ್ಳರ ಜೊತೆಗೇ ವೈದ್ಯನಾಗಿ ಇದ್ದವನು. ಬಲಗೈ ಹೋದರೆ 600 ಬೆಳ್ಳಿ ನಾಣ್ಯ ಅಥವಾ 6 ಗುಲಾಮರು, ಕಣ್ಣು ಹೋದರೆ 100 ನಾಣ್ಯ ಅಥವಾ 1 ಗುಲಾಮ ಅಂತ ಪರಿಹಾರದ ಲೆಕ್ಕ ಕೊಡುತ್ತಾನೆ. ತಮ್ಮೊಳಗೆ ಇಷ್ಟು ನ್ಯಾಯವಾಗಿ ಹಂಚಿಕೊಂಡವರು ಮನುಷ್ಯರನ್ನೇ ಚಿಲ್ಲರೆ ಹಾಗೆ ಎಣಿಸುತ್ತಿದ್ದರು. ಆ ಸಾಲನ್ನು ಓದಿದ ಮೇಲೆ ಸುಮ್ನೆ ಮುಂದಿನ ಪುಟಕ್ಕೆ ಹೋಗಲು ನನಗೆ ಆಗಲಿಲ್ಲ.

ನನ್ನ ಸೋದರಳಿಯ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಸೋಮಾಲಿಯಾ ಕಡೆ ಹೋದಾಗೆಲ್ಲ ಮನೆಯಲ್ಲಿ ನಿದ್ದೆ ಇಲ್ಲ. ಕೊಲೆಗಾರರನ್ನು ಹೀರೋ ಮಾಡಿ ಖುಷಿಪಡುವುದು ತಪ್ಪಲ್ವಾ?
— ನಿವೃತ್ತ ಶಿಕ್ಷಕಿ, ಕುಂದಾಪುರ

ಅಮ್ಮಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದು ಉತ್ತರ ಸುಲಭವಿಲ್ಲ ಅಂತ. 2010ರ ಸೆಪ್ಟೆಂಬರಿನಲ್ಲಿ ಸೋಮಾಲಿಯಾದವರು ಅಸ್ಫಾಲ್ಟ್ ವೆಂಚರ್ ಎಂಬ ಹಡಗು ಹಿಡಿದರು. ಹಣ ಕೊಟ್ಟ ಮೇಲೂ ಏಳು ಮಂದಿ ಭಾರತೀಯರನ್ನು ಬಿಡಲಿಲ್ಲ. ಅವರು ಮನೆ ಕಂಡದ್ದು 2014ರಲ್ಲಿ. ನಾಲ್ಕು ವರ್ಷ ಆ ಮನೆಗಳಲ್ಲಿ ದಿನ ಹೇಗೆ ಕಳೆದಿರಬಹುದು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನೀವು ಹೇಳಿದ ತಪ್ಪು ಕೆಲವು ಪುಸ್ತಕಗಳಲ್ಲಿ ಇದೆ. ನನಗೆ ಅಷ್ಟು ಇಷ್ಟವಾದ ಕ್ಯಾಪ್ಟನ್ ಬ್ಲಡ್‌ನಲ್ಲೇ ಇದೆ. ಅಷ್ಟು ವರ್ಷ ಕಡಲ್ಗಳ್ಳನಾಗಿದ್ದರೂ ಬ್ಲಡ್‌ನ ಕೈ ಕೊಳೆಯಾಗದ ಹಾಗೆ ಲೇಖಕರು ಕಾಪಾಡುತ್ತಾರೆ. ಕೆಟ್ಟ ಕೆಲಸವೆಲ್ಲ ಬೇರೆಯವರದ್ದು. ಅದು ಆ ಪುಸ್ತಕದ ದೌರ್ಬಲ್ಯ, ಒಪ್ಪುತ್ತೇನೆ.

ಟ್ರೆಷರ್ ಐಲ್ಯಾಂಡ್ ಹಾಗಲ್ಲ. 14ನೇ ಅಧ್ಯಾಯ ನೋಡಿ. ಟಾಮ್ ಅಂತ ಒಬ್ಬ ಪ್ರಾಮಾಣಿಕ ನಾವಿಕ. ಸಿಲ್ವರ್ ಅವನಿಗೆ ನಮ್ಮ ಕಡೆ ಬಾ ಅನ್ನುತ್ತಾನೆ. ಟಾಮ್ ಒಪ್ಪುವುದಿಲ್ಲ, ಬೆನ್ನು ತಿರುಗಿಸಿ ನಡೆಯುತ್ತಾನೆ. ಸಿಲ್ವರ್ ಮರದ ಕೊಂಬೆ ಹಿಡಿದುಕೊಂಡು ಕಂಕುಳಿನ ಊರುಗೋಲನ್ನು ಎಸೆಯುತ್ತಾನೆ. ಅದು ಹೋಗಿ ಟಾಮ್‌ನ ಬೆನ್ನಿಗೆ, ಎರಡು ಹೆಗಲ ನಡುವೆ ಬಡಿಯುತ್ತದೆ. ಅವನು ಬೀಳುತ್ತಾನೆ. ಒಂಟಿ ಕಾಲಿನವನು ಕೋತಿಯ ಹಾಗೆ ಹಾರಿ ಅವನ ಮೇಲೆ ಬಿದ್ದು ಎರಡು ಸಲ ಚಾಕು ಹಾಕುತ್ತಾನೆ. ಆಮೇಲೆ ಹುಲ್ಲಿನಲ್ಲಿ ಚಾಕು ಒರೆಸುತ್ತಾನೆ. ಪೊದೆಯ ಮರೆಯಿಂದ ಜಿಮ್ ನೋಡುತ್ತಿದ್ದಾನೆ, ತಲೆ ಸುತ್ತುತ್ತಿದೆ. ಬಿಸಿಲು ಮಾತ್ರ ಮೊದಲಿನ ಹಾಗೇ ಇದೆ.

ಇದಾದ ಮೇಲೂ ಪುಸ್ತಕದ ಕೊನೆಯಲ್ಲಿ ಸಿಲ್ವರ್ ಒಂದು ಚೀಲ ನಾಣ್ಯ ಕದ್ದು ಓಡಿಹೋದಾಗ, ಎಲ್ಲಾದರೂ ಬದುಕಿರಲಿ ಅಂತ ನನಗೆ ಅನ್ನಿಸುತ್ತದೆ. ಟಾಮ್ ನೆನಪಿದ್ದೂ ಅನ್ನಿಸುತ್ತದೆ. ಅದು ಸರಿಯಾ ಅಂತ ಪ್ರತಿ ಸಲ ಓದುವಾಗಲೂ ಕೇಳಿಕೊಂಡಿದ್ದೇನೆ. ಸೋದರಳಿಯ ರಜೆಗೆ ಬಂದಾಗ ಅವರಿಗೆ ಈ 14ನೇ ಅಧ್ಯಾಯ ಓದಲು ಕೊಡಿ. ಕಡಲ ಮೇಲೆ ಕೆಲಸ ಮಾಡುವವರು ಏನನ್ನುತ್ತಾರೆ ಅಂತ ನನಗೆ ತಿಳಿಯಬೇಕು. ಅವರ ಮಾತನ್ನು ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.